ತಾತನ ಗುದ್ದಲಿ ಮುರಿದದ್ದು ಯಾವಾಗ?



ಒಂದು ಭಾನುವಾರದ ಬೆಳಗ್ಗೆ ಎಂದಿಟ್ಟುಕೊಳ್ಳಿ. ಹಿಪ್ಪುನೇರಳೆ ತೋಟಕ್ಕೆ ನೀರು ಬಿಟ್ಟಿದ್ದಾರೆ. ಬದುವಿನ ಹತ್ತಿರ ಕಾಲುವೆಯ ಮಣ್ಣು ಕುಸಿದು ನೀರು ಅಡ್ಡದಾರಿ ಹಿಡಿದಿದೆ. "ಹೋಗಿ ನಾಲ್ಕು ಗುದ್ದಲಿ ಮಣ್ಣು ಎಳೆದು ಬಾ" ಎಂದು ಅಮ್ಮ ನಿಮ್ಮನ್ನು ಕಳಿಸುತ್ತಾರೆ. ಮೂಲೆಯಲ್ಲಿ ಒರಗಿಸಿದ್ದ ತಾತನ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ನೀವು ಓಡುತ್ತೀರಿ. ಒಂದು ಏಟು, ಎರಡು ಏಟು, ಮೂರನೆಯ ಏಟಿಗೆ "ಟಣ್" ಎಂಬ ಸದ್ದು. ಕೈಯಲ್ಲಿ ಕಾವು ಮಾತ್ರ ಉಳಿದಿದೆ. ಗುದ್ದಲಿಯ ಎಲೆ ಮಣ್ಣಿನಲ್ಲೇ ನಿಂತಿದೆ.

ಮನೆಗೆ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು. "ತಾತ ಮುವ್ವತ್ತು ವರ್ಷ ಅಗೆದರೂ ಏನೂ ಆಗಿರಲಿಲ್ಲ. ನೀನು ಮುಟ್ಟಿದ ದಿನವೇ ಮುರಿದುಹೋಯಿತು ನೋಡು!" ಅಜ್ಜಿ ಮಾತ್ರ ಏನೂ ಹೇಳದೆ ಮುರಿದ ಎಲೆಯನ್ನು ಸೆರಗಿನಿಂದ ಒರೆಸುತ್ತಾರೆ. ನಿಮಗೆ ಅಳು ಬರುತ್ತದೆ.

ಆ ಗುದ್ದಲಿಯನ್ನು ನಿಜವಾಗಿ ಮುರಿದವರು ಯಾರು? ನೀವೇ? ಮೂರನೆಯ ಏಟೇ? ಅಥವಾ ಅದು ಮುರಿಯಲು ಶುರುವಾಗಿ ಬಹಳ ದಿನಗಳೇ ಕಳೆದಿದ್ದವೇ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಒಬ್ಬ ಸಾಕ್ಷಿ ನಿಮ್ಮ ಮನೆಯಲ್ಲೇ ಇದ್ದಾನೆ. ಅದೇ ಮುರಿದ ಕಬ್ಬಿಣ. ಅದರ ಮಾತನ್ನು ಓದಲು ಕಲಿಯೋಣ ಬನ್ನಿ.

ಮುರಿದ ಮುಖವನ್ನು ನೋಡಿ

ಗುದ್ದಲಿಯಲ್ಲಿ ಮೂರು ಭಾಗಗಳಿವೆ. ಮಣ್ಣು ಕಡಿಯುವ ಅಗಲವಾದ ಎಲೆ, ಕಾವು ತೂರುವ ಬಳೆ, ಇವೆರಡನ್ನೂ ಕೂಡಿಸುವ ಕತ್ತು. ಗುದ್ದಲಿ ಹೆಚ್ಚಾಗಿ ಮುರಿಯುವುದು ಈ ಕತ್ತಿನಲ್ಲಿ. ಮುರಿದ ತುಂಡನ್ನು ಬಿಸಿಲಿಗೆ ಹಿಡಿದು ಮುರಿದ ಮುಖವನ್ನು ನೋಡಿ. ಕೈಯಿಂದ ಉಜ್ಜಬೇಡಿ. ಎರಡು ತುಂಡುಗಳನ್ನು ಒಂದಕ್ಕೊಂದು ಕೂಡಿಸಿಯೂ ನೋಡಬೇಡಿ. ಹಾಗೆ ಮಾಡಿದರೆ ಸಾಕ್ಷಿ ಅಳಿಸಿಹೋಗುತ್ತದೆ. ಅಂಚು ಹರಿತವಾಗಿರುವುದರಿಂದ ದೊಡ್ಡವರೊಬ್ಬರು ಜೊತೆಯಲ್ಲಿರಲಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ಅನೇಕ ಸಲ ಆ ಮುಖದಲ್ಲಿ ಎರಡು ಬಣ್ಣ ಕಾಣುತ್ತವೆ. ಒಂದು ಭಾಗ ಕಂದು ಅಥವಾ ಕಪ್ಪು ಮಿಶ್ರಿತ ಕಂದು. ಇನ್ನೊಂದು ಭಾಗ ಸಕ್ಕರೆಯ ಹರಳಿನಂತೆ ಮಿನುಗುವ ಬೂದು ಬಣ್ಣ. ಇದರ ಅರ್ಥವೇನು?

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿಯಲ್ಲಿರುವ ಆಮ್ಲಜನಕ ಮತ್ತು ನೀರು ಎರಡೂ ಬೇಕು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಗಟ್ಟಿ ಕಬ್ಬಿಣದ ಒಳಗೆ ಗಾಳಿಯೂ ಹೋಗದು, ನೀರೂ ಹೋಗದು. ಹಾಗಾದರೆ ಒಳಗಿನ ಮುಖ ಕಂದು ಬಣ್ಣಕ್ಕೆ ತಿರುಗಿದ್ದು ಹೇಗೆ? ಅಲ್ಲಿ ಮೊದಲೇ ಒಂದು ಬಿರುಕು ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು. ಅದರೊಳಗೆ ಮಳೆಯ ನೀರು, ಇಬ್ಬನಿ, ಒದ್ದೆ ಮಣ್ಣಿನ ತೇವ ನುಗ್ಗಿ ನಿಧಾನವಾಗಿ ತುಕ್ಕು ಹಿಡಿಸಿದೆ. ಕಂದು ಭಾಗ ಎಂದರೆ ಹಳೆಯ ಬಿರುಕು. ಮಿನುಗುವ ಭಾಗ ಎಂದರೆ ಇವತ್ತು ಮುರಿದದ್ದು.

ಈಗ ಯೋಚಿಸಿ. ಕತ್ತಿನ ಮುಖದಲ್ಲಿ ಮುಕ್ಕಾಲು ಭಾಗ ಕಂದು ಬಣ್ಣವಿದ್ದರೆ, ನೀವು ಗುದ್ದಲಿ ಎತ್ತುವ ಮೊದಲೇ ಅದು ಮುಕ್ಕಾಲು ಮುರಿದಿತ್ತು. ಉಳಿದ ಕಾಲು ಭಾಗದ ಮೇಲೆ ಅದು ನಿಂತಿತ್ತು. ಅಂದು ನಿಮ್ಮ ಬದಲು ಅಪ್ಪ ಅಗೆದಿದ್ದರೂ ಮುರಿಯುತ್ತಿತ್ತು.

ಆದರೆ ಮುಖ ಪೂರ್ತಿ ಹೊಸದಾಗಿ ಮಿನುಗುತ್ತಿದ್ದರೆ? ಆಗ ಹಳೆಯ ಬಿರುಕು ಇರಲಿಲ್ಲ. ಒಂದೇ ಸಲಕ್ಕೆ ತಡೆಯಲಾರದಷ್ಟು ಬಲ ಬಿದ್ದಿದೆ. ಗುದ್ದಲಿಯನ್ನು ಹಾರೆಯಂತೆ ಬಳಸಿ ದೊಡ್ಡ ಕಲ್ಲನ್ನು ಮೀಟಿದರೆ ಹೀಗಾಗಬಹುದು. ಹಾಗೆ ಮಾಡಿದ್ದರೆ ನಿಜ ಹೇಳಿಬಿಡಿ! ಸಾಕ್ಷಿ ನಮ್ಮ ಪರವಾಗಿಯೇ ಇರಬೇಕೆಂದಿಲ್ಲ. ನೋಡುವ ಮೊದಲೇ ತೀರ್ಪು ಕೊಡದಿರುವುದು ವಿಜ್ಞಾನದ ಮೊದಲ ನಿಯಮ.

ಇನ್ನೊಂದು ವಿಷಯ. ಮುರಿದ ದಿನವೇ ನೋಡಬೇಕು. ತಡಮಾಡಿದರೆ ಹೊಸ ಮುಖಕ್ಕೂ ತುಕ್ಕು ಹಿಡಿಯುತ್ತದೆ. ಆಗಲೂ ಹಳೆಯ ತುಕ್ಕು ಕಡುಕಂದಾಗಿ, ಹೊಸ ತುಕ್ಕು ಕಿತ್ತಳೆ ಬಣ್ಣದ್ದಾಗಿ ಕಾಣುವುದುಂಟು.

ಕಬ್ಬಿಣಕ್ಕೂ ದಣಿವು

ಹಳೆಯ ಬಿರುಕು ಬಂದದ್ದು ಎಲ್ಲಿಂದ? ಒಂದು ಲೆಕ್ಕ ಮಾಡೋಣ. ತಾತ ನಿಮಿಷಕ್ಕೆ 20 ಏಟು ಹಾಕುತ್ತಿದ್ದರು ಎಂದುಕೊಳ್ಳಿ. ದಿನಕ್ಕೆ 2 ಗಂಟೆ ಅಗೆದರೆ 20 × 60 × 2 = 2,400 ಏಟು. ವರ್ಷಕ್ಕೆ 100 ದಿನ ಅಗೆದರೆ 2,40,000 ಏಟು. 30 ವರ್ಷಕ್ಕೆ 72,00,000 ಏಟು! ಎಪ್ಪತ್ತೆರಡು ಲಕ್ಷ ಸಲ ಆ ಕತ್ತು ಬಾಗಿದೆ, ಮತ್ತೆ ನೆಟ್ಟಗಾಗಿದೆ.

ಕಬ್ಬಿಣ ಬಾಗಿದ್ದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಪ್ರತಿ ಏಟಿಗೂ ಅದು ಕೂದಲೆಳೆಗಿಂತ ಕಡಿಮೆ ಬಾಗುತ್ತದೆ. ಕಾವು ಉದ್ದವಾದ ಸನ್ನೆಯಂತೆ ಕೆಲಸ ಮಾಡುತ್ತದೆ. ಮಣ್ಣನ್ನು ಮೀಟಿ ಎಳೆಯುವಾಗ ನಮ್ಮ ಕೈಯ ಬಲ ಹೆಚ್ಚಾಗಿ ಕತ್ತಿಗೆ ತಲಪುತ್ತದೆ. ಆಗ ಕತ್ತಿನ ಒಂದು ಬದಿ ಹಿಗ್ಗುತ್ತದೆ, ಇನ್ನೊಂದು ಬದಿ ಕುಗ್ಗುತ್ತದೆ. ಹಿಗ್ಗುವ ಬದಿಯಲ್ಲಿ ಒಂದು ಸಣ್ಣ ಗೀರು, ತುಕ್ಕು ತಿಂದ ಗುಳಿ, ಅಥವಾ ಚೂಪಾದ ಮೂಲೆ ಇದ್ದರೆ ಅಲ್ಲಿಂದ ಬಿರುಕು ಹುಟ್ಟುತ್ತದೆ. ಪ್ರತಿ ಏಟಿಗೂ ಅದು ಒಂದಿಷ್ಟೇ ಇಷ್ಟು ಮುಂದೆ ಸಾಗುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ.

ನಮ್ಮ ದಣಿವಿಗೂ ಲೋಹದ ದಣಿವಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಾವು ರಾತ್ರಿ ಮಲಗಿ ಎದ್ದರೆ ದಣಿವು ಹೋಗುತ್ತದೆ. ಗುದ್ದಲಿಯನ್ನು ಆರು ತಿಂಗಳು ಮೂಲೆಯಲ್ಲಿಟ್ಟರೂ ಅದರ ಬಿರುಕು ಕೂಡಿಕೊಳ್ಳುವುದಿಲ್ಲ. "ಹಳೇ ಕಾಲದ ಕಬ್ಬಿಣ, ಮುರಿಯುವುದೇ ಇಲ್ಲ" ಎಂದು ಹಿರಿಯರು ಹೇಳುವುದುಂಟು. ಒಳ್ಳೆಯ ಕಬ್ಬಿಣ ಹೆಚ್ಚು ಕಾಲ ಬಾಳುತ್ತದೆ ನಿಜ. ಆದರೆ ಲಕ್ಷಾಂತರ ಏಟು ತಿಂದರೆ ಅದೂ ದಣಿಯಬಹುದು.

ಮಾಡಿ ನೋಡಿ – 1

ಬೇಕಾಗುವ ವಸ್ತುಗಳು: ಮನೆ ಕಟ್ಟುವವರು ಕಂಬಿ ಕಟ್ಟಲು ಬಳಸುವ ತೆಳು ತಂತಿ, ಅಳತೆಪಟ್ಟಿ, ಇಕ್ಕಳ. ಶಿಕ್ಷಕರ ಎದುರಿನಲ್ಲೇ ಮಾಡಿ. ಮುರಿದ ತುದಿ ಚುಚ್ಚುತ್ತದೆ, ಎಚ್ಚರಿಕೆ.

ತಂತಿಯನ್ನು 10 ಸೆಂ.ಮೀ. ಉದ್ದದ ಆರು ತುಂಡುಗಳಾಗಿ ಕತ್ತರಿಸಿಕೊಳ್ಳಿ. ಮೂರು ತುಂಡುಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು ಒಂದೇ ಜಾಗದಲ್ಲಿ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಬಾಗಿಸಿ. ಎಷ್ಟನೆಯ ಬಾಗಿಗೆ ಮುರಿಯಿತು ಎಂದು ಎಣಿಸಿ. ಉಳಿದ ಮೂರನ್ನು ಅದರ ಅರ್ಧದಷ್ಟು ಮಾತ್ರ ಬಾಗಿಸಿ ಎಣಿಸಿ. ಎರಡಕ್ಕೂ ಸರಾಸರಿ ತೆಗೆಯಿರಿ.

ಒಂದೇ ಸಲ ಬಾಗಿಸಿದಾಗ ತಂತಿ ಮುರಿಯಲಿಲ್ಲ, ಅಲ್ಲವೇ? ಕೊನೆಯ ಬಾಗಿಗೆ ನೀವು ಹೆಚ್ಚು ಬಲ ಹಾಕಿದಿರಾ? ಇಲ್ಲ. ಮೊದಲನೆಯದರಷ್ಟೇ ಹಾಕಿದಿರಿ. ಆದರೂ ಮುರಿಯಿತು. ಕಡಿಮೆ ಬಾಗಿಸಿದ ತಂತಿ ಹೆಚ್ಚು ಸಲ ತಡೆಯಿತೇ? ನಿಮ್ಮ ಲೆಕ್ಕವೇ ಉತ್ತರ ಹೇಳುತ್ತದೆ. ಈಗ ಹೇಳಿ, ತಂತಿ ಮುರಿದದ್ದು ಕೊನೆಯ ಬಾಗಿನಿಂದ ಮಾತ್ರವೇ?

ಬಿರುಕಿನ ತುದಿಯಲ್ಲಿ ನೂಕುನುಗ್ಗಲು

ಸಣ್ಣ ಬಿರುಕು ಅಷ್ಟು ಗಟ್ಟಿ ಕಬ್ಬಿಣವನ್ನು ಹೇಗೆ ಸೀಳುತ್ತದೆ? ನಿಮ್ಮ ಕಾಲುವೆಯನ್ನೇ ನೆನೆಸಿಕೊಳ್ಳಿ. ಕಾಲುವೆಗೆ ಅಡ್ಡವಾಗಿ ಒಂದು ಕಲ್ಲು ಇಟ್ಟರೆ ನೀರು ಎಲ್ಲಿ ರಭಸವಾಗಿ ಹರಿಯುತ್ತದೆ? ಕಲ್ಲಿನ ತುದಿಯ ಪಕ್ಕದಲ್ಲಿ. ಅಲ್ಲಿಯೇ ಮಣ್ಣು ಬೇಗ ಕೊಚ್ಚಿಹೋಗುತ್ತದೆ. ಕಬ್ಬಿಣದೊಳಗೆ ಬಲ ಸಾಗುವುದೂ ಸುಮಾರಾಗಿ ಹೀಗೆಯೇ. ಬಿರುಕನ್ನು ದಾಟಿ ಬಲ ಹೋಗಲಾರದು. ಅದೆಲ್ಲ ಬಿರುಕಿನ ತುದಿಯನ್ನು ಸುತ್ತಿಕೊಂಡು ಹೋಗಬೇಕು. ಹಾಗಾಗಿ ತುದಿಯಲ್ಲಿ ನೂಕುನುಗ್ಗಲು. ತುದಿ ಚೂಪಾದಷ್ಟೂ ನುಗ್ಗಲು ಹೆಚ್ಚು.

ಮಾಡಿ ನೋಡಿ – 2

ಹಳೆಯ ನೋಟ್‌ಬುಕ್ಕಿನ ಹಾಳೆಯಿಂದ 20 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ. ಮೊದಲನೆಯದನ್ನು ಎರಡು ತುದಿಯಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಹರಿಯುವುದು ಎಷ್ಟು ಕಷ್ಟ ನೋಡಿ. ಎರಡನೆಯದರ ಅಂಚಿನ ಮಧ್ಯದಲ್ಲಿ ಕತ್ತರಿಯಿಂದ 1 ಸೆಂ.ಮೀ. ನೇರ ಕಚ್ಚು ಹಾಕಿ ಎಳೆಯಿರಿ. ಮೂರನೆಯದರಲ್ಲಿ ಅಷ್ಟೇ ಆಳಕ್ಕೆ, ಆದರೆ ಉಗುರಿನಂತೆ ದುಂಡಗೆ ಕತ್ತರಿಸಿ ಎಳೆಯಿರಿ. ಪ್ರತಿಯೊಂದು ಬಗೆಗೂ ಐದೈದು ಪಟ್ಟಿ ಮಾಡಿ ಹೋಲಿಸಿ. ಎರಡರಲ್ಲೂ ಉಳಿದ ಕಾಗದದ ಅಗಲ 3 ಸೆಂ.ಮೀ. ಒಂದೇ. ಆದರೆ ಯಾವುದು ಬೇಗ ಹರಿಯಿತು?

ಪ್ಯಾರಿಸ್ಸಿನ ರೈಲು, ಯಲಹಂಕದ ಅಚ್ಚು

ಗುದ್ದಲಿಯ ಈ ಕಥೆಯನ್ನು ಜಗತ್ತು ಒಮ್ಮೆ ಬಹಳ ದುಃಖಪಟ್ಟು ಕಲಿಯಬೇಕಾಯಿತು. 1842ರ ಮೇ 8ರಂದು ಫ್ರಾನ್ಸ್ ದೇಶದ ವರ್ಸೈಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿಯಿತು. ಅಚ್ಚು ಎಂದರೆ ಎರಡು ಗಾಲಿಗಳನ್ನು ಕೂಡಿಸುವ ಉಕ್ಕಿನ ಅಥವಾ ಕಬ್ಬಿಣದ ದಿಂಡು. ರೈಲು ಹಳಿ ತಪ್ಪಿ ಬೆಂಕಿ ಹೊತ್ತಿಕೊಂಡು 50ಕ್ಕೂ ಹೆಚ್ಚು ಜನ ಸತ್ತರು. ನಿನ್ನೆಯವರೆಗೂ ಸರಿಯಾಗಿದ್ದ ಅಚ್ಚು ಇಂದು ಏಕೆ ಮುರಿಯಿತು ಎಂಬುದು ಆಗಿನ ಎಂಜಿನಿಯರುಗಳಿಗೆ ದೊಡ್ಡ ಒಗಟಾಯಿತು.

ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ಯುವ ಎಂಜಿನಿಯರು ಮುರಿದ ರೈಲು ಅಚ್ಚುಗಳ ಮುಖವನ್ನು ಪರೀಕ್ಷಿಸಿದರು. 1843ರಲ್ಲಿ ಅವರು ಹೇಳಿದ್ದು ಇಷ್ಟು: ಅಚ್ಚು ಒಮ್ಮೆಲೇ ಮುರಿಯುವುದಿಲ್ಲ. ದಪ್ಪ ಭಾಗ ಸಣ್ಣದಾಗುವ ಕತ್ತಿನ ಬಳಿ, ಚೂಪು ಮೂಲೆಯಲ್ಲಿ ಬಿರುಕು ಹುಟ್ಟಿ ನಿಧಾನವಾಗಿ ಒಳಕ್ಕೆ ಬೆಳೆಯುತ್ತದೆ. ಆದ್ದರಿಂದ ಆ ಮೂಲೆಯನ್ನು ದುಂಡಗೆ ಮಾಡಬೇಕು. ನಿಮ್ಮ ಕಾಗದದ ಮೂರನೆಯ ಪಟ್ಟಿ ನೆನಪಾಯಿತೇ? ಮುಂದೆ ಜರ್ಮನಿಯ ವೋಲರ್ ಎಂಬುವರು ಅಚ್ಚುಗಳನ್ನು ಯಂತ್ರದಲ್ಲಿ ಲಕ್ಷಾಂತರ ಸಲ ತಿರುಗಿಸಿ, ಎಷ್ಟು ಬಲಕ್ಕೆ ಎಷ್ಟು ಸುತ್ತು ತಡೆಯುತ್ತವೆ ಎಂದು ಎಣಿಸಿದರು. ನೀವು ತಂತಿಯಲ್ಲಿ ಮಾಡಿದ್ದೂ ಅದೇ ಜಾತಿಯ ಪ್ರಯೋಗ!

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋದರೆ ದಾರಿಯಲ್ಲಿ ಯಲಹಂಕ ಸಿಗುತ್ತದೆ. ಅಲ್ಲಿ 1984ರಿಂದ ಭಾರತೀಯ ರೈಲ್ವೆಯ ಗಾಲಿ ಮತ್ತು ಅಚ್ಚು ತಯಾರಿಸುವ ಕಾರ್ಖಾನೆ ಇದೆ. ಅಚ್ಚುಗಳನ್ನು ರೈಲಿಗೆ ಜೋಡಿಸುವ ಮೊದಲು ಒಳಗೆ ಬಿರುಕು ಇದೆಯೇ ಎಂದು ಪರೀಕ್ಷಿಸುತ್ತಾರೆ. ಉಕ್ಕಿನ ಒಳಗೆ ಕಣ್ಣು ಹೋಗದು. ಆದರೆ ಶಬ್ದ ಹೋಗುತ್ತದೆ. ನಮ್ಮ ಕಿವಿಗೆ ಕೇಳಿಸದ ಶ್ರವಣಾತೀತ ಶಬ್ದವನ್ನು ಅಚ್ಚಿನ ಒಂದು ತುದಿಯಿಂದ ಒಳಗೆ ಕಳಿಸುತ್ತಾರೆ. ಅದು ಇನ್ನೊಂದು ತುದಿಗೆ ಹೋಗಿ ಬಡಿದು, ಬಾವಿಯೊಳಗೆ ಕೂಗಿದ ಪ್ರತಿಧ್ವನಿಯಂತೆ ಹಿಂದಿರುಗುತ್ತದೆ. ನಡುವೆ ಬಿರುಕು ಇದ್ದರೆ ಪ್ರತಿಧ್ವನಿ ಬೇಗನೆ ಬಂದುಬಿಡುತ್ತದೆ. ಅಷ್ಟರಿಂದಲೇ ಬಿರುಕು ಎಲ್ಲಿದೆ ಎಂದು ತಿಳಿಯಬಹುದು.

ಇಂಥದೇ ಪರೀಕ್ಷೆಯನ್ನು ನಿಮ್ಮ ಅಜ್ಜಿಯೂ ಮಾಡುತ್ತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ? "ಟಣ್" ಎಂದರೆ ಗಟ್ಟಿ. "ದಬ್" ಎಂದರೆ ಬಿರುಕು ಬಿಟ್ಟಿದೆ. ಹಿಂದೆ ರೈಲು ನಿಲ್ದಾಣಗಳಲ್ಲಿ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವ ಕೆಲಸಗಾರರು ಇರುತ್ತಿದ್ದರು.

ಉಕ್ಕು ಮತ್ತು ಹದ

ಗುದ್ದಲಿಯ ಬಾಯಿ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ನಮ್ಮ ಸೀಮೆಯ ಕೆಂಪು ಮಣ್ಣಿನ ಗರಸಿಗೆ ಬೇಗ ಸವೆಯುತ್ತದೆ. ಆದರೆ ಕತ್ತು ಸ್ವಲ್ಪ ಬಳುಕುವಂತಿರಬೇಕು. ಇಲ್ಲದಿದ್ದರೆ ಗಾಜಿನಂತೆ ಪಟ್ಟನೆ ಮುರಿಯುತ್ತದೆ. ಗಡಸುತನ ಬೇರೆ, ಮುರಿಯದೆ ತಾಳುವ ಗುಣ ಬೇರೆ. ಸಾಮಾನ್ಯವಾಗಿ ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುತ್ತದೆ. ಇವೆರಡನ್ನೂ ಸರಿದೂಗಿಸುವುದಕ್ಕೆ ಕುಲುಮೆಯಲ್ಲಿ "ಹದ ಹಾಕುವುದು" ಎನ್ನುತ್ತಾರೆ. ಬಾಯಿಯನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಗಡಸಾಗುತ್ತದೆ. ಮತ್ತೆ ಸ್ವಲ್ಪ ಬಿಸಿ ಮಾಡಿದರೆ ಗಡಸುತನ ಒಂದಿಷ್ಟು ಇಳಿದು ತಾಳುವ ಗುಣ ಬರುತ್ತದೆ.

ಇದಕ್ಕೆಲ್ಲ ಮೂಲ ಕಬ್ಬಿಣದೊಳಗಿನ ಇಂಗಾಲ. ಸಾಮಾನ್ಯ ಮೆದು ಉಕ್ಕಿನಲ್ಲಿ ಇಂಗಾಲ ಶೇಕಡಾ 0.3ಕ್ಕಿಂತ ಕಡಿಮೆ. ಅದಕ್ಕೆ ಹದ ಚೆನ್ನಾಗಿ ಹಿಡಿಯದು. ಇಂಗಾಲ ಹೆಚ್ಚಿದರೆ ಗಡಸುತನವೂ ಹೆಚ್ಚುತ್ತದೆ.

ನಿಮಗೆ ಗೊತ್ತೆ? 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಮೈಸೂರು ಸೀಮೆಯನ್ನೆಲ್ಲ ಸುತ್ತಿ ಕಂಡದ್ದನ್ನು ಬರೆದಿಟ್ಟರು. ಆ ಪುಸ್ತಕ 1807ರಲ್ಲಿ ಅಚ್ಚಾಯಿತು. ದೊಡ್ಡಬಳ್ಳಾಪುರದ ವಾಯವ್ಯಕ್ಕಿರುವ ಮಧುಗಿರಿ ಸೀಮೆಯಲ್ಲಿ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದ ರೀತಿಯನ್ನು ಅವರು ವಿವರಿಸಿದ್ದಾರೆ. ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಗಳನ್ನೂ ಹಸಿರೆಲೆಗಳನ್ನೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಬಲವಾದ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ ಇದ್ದಿಲಾಗಿ ಅದರ ಇಂಗಾಲ ಕಬ್ಬಿಣದೊಳಗೆ ಸೇರುತ್ತಿತ್ತು. ಹಳದಿ ಹೂ ಬಿಡುವ ಈ ತಂಗಡಿ ಗಿಡವನ್ನು ನೀವು ಬೀಳು ಜಮೀನಿನಲ್ಲಿ ನೋಡಿರಬಹುದು. ಹೀಗೆ ದಕ್ಷಿಣ ಭಾರತದಲ್ಲಿ ತಯಾರಾದ ಉಕ್ಕು ಯೂರೋಪಿನಲ್ಲಿ "ವೂಟ್ಜ್" ಎಂದು ಹೆಸರಾಯಿತು. ಆ ಹೆಸರು ನಮ್ಮ "ಉಕ್ಕು" ಎಂಬ ಮಾತಿನಿಂದಲೇ ಬಂದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ.

ಮುರಿದ ಗುದ್ದಲಿಯನ್ನು ಏನು ಮಾಡುವುದು?

ನಿಮ್ಮ ಊರಿನಲ್ಲಿ ಅಥವಾ ಹತ್ತಿರದ ಹೋಬಳಿಯಲ್ಲಿ ಕುಲುಮೆ ಇದ್ದರೆ ಮನೆಯವರ ಜೊತೆ ಹೋಗಿ ಆಚಾರ್ರನ್ನು ಕೇಳಿ. ಮುರಿದ ಮುಖ ನೋಡಿದ ಕೂಡಲೇ ಅವರು ಬಿರುಕು ಹಳೆಯದೋ ಹೊಸದೋ ಎಂದು ಹೇಳಬಹುದು. ಮುಖದಲ್ಲಿ ಬೂದುಗಪ್ಪು ಪದರವಿದ್ದರೆ ಇನ್ನೂ ಸ್ವಾರಸ್ಯ. ಕೆಂಪಗೆ ಕಾದ ಕಬ್ಬಿಣಕ್ಕೆ ಗಾಳಿ ತಾಗಿದಾಗ ಇಂಥ ಪದರ ಕಟ್ಟುತ್ತದೆ. ಹಾಗಿದ್ದರೆ ಆ ಬಿರುಕು ಗುದ್ದಲಿಯನ್ನು ಬಡಿದು ಮಾಡಿದ ದಿನವೇ ಹುಟ್ಟಿರಬಹುದು!

ಬೆಸುಗೆ ಹಾಕಿಸಬಹುದು. ಆದರೆ ಹಳೆಯ ಬಿರುಕಿನ ಭಾಗವನ್ನು ಪೂರ್ತಿ ತೆಗೆದ ಮೇಲೆಯೇ ಹಾಕಿಸಬೇಕು. ಬಿರುಕಿನ ಮೇಲೆ ಬರೀ ಬೆಸುಗೆ ಬಳಿದರೆ ಒಳಗಿನ ತುದಿ ಹಾಗೇ ಉಳಿದು ಮತ್ತೆ ಬೆಳೆಯುತ್ತದೆ. ಎಲೆ ಬಹಳ ಸವೆದಿದ್ದರೆ ಅದನ್ನು ಕಾಯಿಸಿ ಬಡಿದು ಕಳೆ ತೆಗೆಯುವ ಸಣ್ಣ ಉಪಕರಣ ಮಾಡಿಸಬಹುದು. ತಾತನ ಕೈ ಸವರಿ ಸವರಿ ನುಣುಪಾದ ಕಾವು ಮುರಿದಿಲ್ಲವಲ್ಲ? ಅದನ್ನು ಹೊಸ ಗುದ್ದಲಿಗೆ ಹಾಕಿಸಿಕೊಳ್ಳಿ.

ಇನ್ನು ಮುಂದೆ ಉಪಕರಣ ಬಳಸುವ ಮೊದಲು ಒಂದು ನಿಮಿಷ ನೋಡಿ. ಮಣ್ಣು ತೊಳೆದು ಒಣಬಟ್ಟೆಯಿಂದ ಒರೆಸಿ ಕತ್ತನ್ನು ಗಮನಿಸಿ. ಕೂದಲಿನಂಥ ಗೆರೆ ಇದೆಯೇ? ಆ ಗೆರೆಯಿಂದ ಕಂದು ನೀರು ಒಸರಿದ ಗುರುತು ಇದೆಯೇ? ಇದ್ದರೆ ಬಳಸಬೇಡಿ, ದೊಡ್ಡವರಿಗೆ ತೋರಿಸಿ. ಏಟು ಹಾಕುವಾಗ ಎಲೆ ಕಿತ್ತು ಹಾರಿದರೆ ಕಾಲಿಗೋ ಎದುರು ನಿಂತವರಿಗೋ ಬೀಳುತ್ತದೆ. ಕೆಲಸ ಮುಗಿದ ಮೇಲೆ ಒಣಗಿಸಿ ಒಂದು ಹನಿ ಎಣ್ಣೆ ಸವರಿಡಿ.

ಈಗ ಅಜ್ಜಿಯ ಬಳಿ ಹೋಗಿ. ಮುರಿದ ಮುಖದ ಎರಡು ಬಣ್ಣಗಳನ್ನು ತೋರಿಸಿ. "ಅಜ್ಜಿ, ಇಷ್ಟು ಭಾಗ ಮೊದಲೇ ಮುರಿದಿತ್ತು. ತಾತನ ಕೈಯಲ್ಲೇ ಶುರುವಾಗಿತ್ತೋ ಏನೋ" ಎಂದು ವಿವರಿಸಿ ಹೇಳಿ. ಆ ಗುದ್ದಲಿಯನ್ನು ಎಲ್ಲಿ ಮಾಡಿಸಿದ್ದು, ಎಷ್ಟು ಸಲ ಬಾಯಿ ತಟ್ಟಿಸಿದ್ದು, ಯಾವ ಯಾವ ತೋಟದ ಮಣ್ಣು ಎಳೆದದ್ದು ಎಂದು ಅವರನ್ನು ಕೇಳಿ ಬರೆದುಕೊಳ್ಳಿ.

ಯೋಚಿಸಿ, ಉತ್ತರಿಸಿ

1. ಗುದ್ದಲಿಯ ಮುರಿದ ಮುಖದ ಅರ್ಧ ಭಾಗ ಕಂದು, ಅರ್ಧ ಭಾಗ ಮಿನುಗುವ ಬೂದು. ಏನಾಗಿರಬಹುದು?
2. ಮಳೆಯೇ ಇಲ್ಲದ, ಬಹಳ ಒಣ ಹವೆಯ ಊರಿನಲ್ಲಿ ಬಿರುಕಿನ ವಯಸ್ಸನ್ನು ತುಕ್ಕಿನಿಂದ ಹೇಳುವುದು ಕಷ್ಟ. ಏಕೆ?
3. ಎತ್ತಿನ ಗಾಡಿಯ ಅಚ್ಚು, ಸೈಕಲ್ಲಿನ ಪೆಡಲ್, ಮಗ್ಗದ ಭಾಗಗಳು – ಇವುಗಳಲ್ಲಿ ಮುರಿದದ್ದು ಯಾವುದಾದರೂ ಸಿಕ್ಕಿದರೆ, ಮುರಿದ ಜಾಗವನ್ನು ಗಮನಿಸಿ ಚಿತ್ರ ಬರೆಯಿರಿ. ಅಲ್ಲಿ ಚೂಪು ಮೂಲೆ ಇದೆಯೇ?
4. ನಿಮ್ಮ ಶಾಲೆಯ ತೋಟದ ಉಪಕರಣಗಳನ್ನು ತಪಾಸಣೆ ಮಾಡಿ. ಬಿರುಕು ಇರುವುದು, ಇಲ್ಲದ್ದು ಎಂದು ಪಟ್ಟಿ ಮಾಡಿ ಶಿಕ್ಷಕರಿಗೆ ಕೊಡಿ.